ಒಂಬತ್ತು ಒತ್ತಿದರೆ ಮನುಷ್ಯ

ಒಂದು ಒತ್ತಿದರೆ ಹುಲಿ. ಎರಡು, ಚಿರತೆ.
ನಾಲ್ಕು ಕಡವೆ, ಐದು ಕಾಡುಕೋಣ,
ಎಂಟಕ್ಕೆ ಊರ ದನ, ನಾಯಿ ಇತ್ಯಾದಿ.
ಒಂಬತ್ತು, ಮನುಷ್ಯ.
ಗಾಳಿಗೆ ಅಲ್ಲಾಡಿದ ಎಲೆಗೆಲ್ಲ ಸೊನ್ನೆ.

ಶಿವಮೊಗ್ಗದ ಅರಣ್ಯ ಕಚೇರಿ, ಹಿಂಬದಿಯ ಕೋಣೆ.
ನಾನು ದಿನಗೂಲಿ; ಇಲ್ಲಿ ಫ್ಯಾನು ಮಾತ್ರ ಖಾಯಂ.
ಮರಕ್ಕೆ ಕಟ್ಟಿದ ಕ್ಯಾಮೆರಾಗಳ ಹೊಟ್ಟೆಯಿಂದ
ಹೆಬ್ಬೆಟ್ಟಿನಷ್ಟಗಲದ ಕಾರ್ಡು ಬಿಚ್ಚಿ
ಹೊಸನಗರದ ಮೊದಲ ಬಸ್ಸಿಗೆ ವಾಚರ್ ಕೆರಿಯಪ್ಪ ತರುತ್ತಾನೆ,
ಎಲೆಅಡಿಕೆ ಚೀಲದಲ್ಲಿ,
ಸುಣ್ಣದ ಡಬ್ಬಿಯ ಪಕ್ಕ ಇಡೀ ಕಾಡು.
ಸುಣ್ಣ ಒರೆಸಿ ಸಿಕ್ಕಿಸಿದರೆ
ಹನ್ನೊಂದು ಸಾವಿರ ಚಿತ್ರ.

ಮೊದಲೆಲ್ಲ ಅವನೇ ಕ್ಯಾಮೆರಾ.
ಹೆಜ್ಜೆಯ ಮೇಲೆ ಗಾಜಿಟ್ಟು ಅಂಚು ಬರೆದು,
ಪ್ಲಾಸ್ಟರ್ ಕಲಸಿ ಹುಯ್ದು, ಒಣಗುವವರೆಗೆ ಬೀಡಿ ಸೇದಿ,
ಹುಲಿಯ ಪಾದವನ್ನು ಕೈಚೀಲದಲ್ಲಿ ಹೊತ್ತು ತಂದವನು.
ಆ ಪಾದಗಳೀಗ ಮೇಜಿನ ಮೇಲೆ,
ಕಾಗದ ಹಾರದ ಹಾಗೆ ಭಾರ.

ಜೂನ್ ಕೊನೆಗೆ ಅವಳು ಬಂದಳು.
ಬೆಳಗಿನ ಐದು ನಲವತ್ತೆರಡು, ಉಷ್ಣಾಂಶ ಹತ್ತೊಂಬತ್ತು,
ಕ್ಯಾಮೆರಾ ನಂಬರ್ ಹದಿನೇಳು.
ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಸೊಂಟಕ್ಕೆ ಬುಟ್ಟಿ,
ಬುಟ್ಟಿಯಲ್ಲಿ ಉಪ್ಪಾಗೆ ಹಣ್ಣು.
ಮರುದಿನ ಐದು ಮೂವತ್ತೊಂಬತ್ತು. ಮೂರನೇ ದಿನ ಐದು ನಲವತ್ತು.
ಹುಲಿಗೂ ಇಷ್ಟು ಶಿಸ್ತಿಲ್ಲ.

ಒಂಬತ್ತು ಒತ್ತಿದರೆ ಅವಳು ಬೇರೆ ಫೋಲ್ಡರಿಗೆ ಹೋಗುತ್ತಾಳೆ,
ಫೋಲ್ಡರು ಸಾಹೇಬರ ಮೇಜಿಗೆ,
ಮೇಜಿನಿಂದ ಒಂದು ನೋಟಿಸು, ಅವಳ ಮನೆ ಹುಡುಕಿಕೊಂಡು.

ನಾಲ್ಕನೇ ದಿನ ನಿಂತಳು.
ನೇರ ಮಸೂರದೊಳಗೆ ನೋಡಿದಳು, ಅಂದರೆ ನನ್ನನ್ನು.
ಬಾಯಲ್ಲೇನೋ ಅಂದಳು; ಚಿತ್ರಕ್ಕೆ ಕಿವಿಯಿಲ್ಲ.
ಆಮೇಲೆ ದೊಡ್ಡದೊಂದು ಎಲೆ ತಂದು ಮುಚ್ಚಿದಳು.
ಎರಡು ದಿನ ಅದೇ: ಹಗಲು ಹಸಿರು, ರಾತ್ರಿ ಬೂದಿ,
ನರ, ನರದ ಕವಲು, ಒಂದು ಇರುವೆ.
ಆರುನೂರು ಸಲ ಸೊನ್ನೆ ಒತ್ತಿದೆ.
ಒಂದಕ್ಕೂ ಬೇಸರವಾಗಲಿಲ್ಲ.

ನನ್ನ ಮೇಲೆ ಎಲೆ ಮುಚ್ಚುವವರಿಲ್ಲ.
ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದದ್ದನ್ನು ಫೋನು ಎಣಿಸಿ
ಸಂಜೆ ಶಹಬ್ಬಾಸ್ ಅನ್ನುತ್ತದೆ.
ತುಂಗೆಯ ಸೇತುವೆ ಮೇಲೆ ಹನ್ನೊಂದು ನಿಮಿಷ ಸುಮ್ಮನೆ ನಿಂತದ್ದು
ಅದಕ್ಕೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ.
ಆ ಹನ್ನೊಂದು ನಿಮಿಷ ಯಾವುದೋ ದೂರದ ಕಬ್ಬಿಣದ ಬೀರುವಿನಲ್ಲಿ
ತಣ್ಣೀರು ಕುಡಿಯುತ್ತ ಎಚ್ಚರವಾಗಿದೆ.
ಈ ಕೋಣೆಯ ಕರೆಂಟು ಶರಾವತಿಯದು.
ಒಂದು ಚಿರತೆಯ ಬಾಲವನ್ನು ತೆರೆಯ ಮೇಲೆ ಹಿಡಿದಿಡಲು
ಎಷ್ಟು ಬೊಗಸೆ ನೀರು ಕೊಳವೆಯಲ್ಲಿ ಇಳಿಯಬೇಕೋ,
ಆ ನೀರಡಿ ಎಷ್ಟು ಹೊಸ್ತಿಲೋ,
ಅದಕ್ಕೆ ಯಾವ ಗುಂಡಿಯೂ ಇಲ್ಲ.

ಎಲೆ ಬಿತ್ತು. ಅವಳು ಬಂದಳು.
ಬೆರಳು ಒಂಬತ್ತರ ಮೇಲಿತ್ತು.
ನಾಲ್ಕು ಒತ್ತಿದೆ.
ಮತ್ತೆ ನಾಲ್ಕು. ಜುಲೈ ಮುಗಿಯುವವರೆಗೆ ನಾಲ್ಕು.
ಆ ವರ್ಷದ ಗಣತಿಯಲ್ಲಿ ಕಡವೆ ಹೆಚ್ಚಿದವು.
ಪೇಪರಿನಲ್ಲಿ ಬಂತು; ಸಾಹೇಬರು ಮೈಸೂರುಪಾಕು ಹಂಚಿದರು.
ನಾನೂ ಒಂದು ತಿಂದೆ.

ಆಮೇಲೆ ತಿಳಿಯಿತು: ಒತ್ತಿದ ಒಂದೊಂದು ಗುಂಡಿಯ ಹಿಂದೆಯೂ
ಒತ್ತಿದವರ ಹೆಸರು, ಗಳಿಗೆ ಬರೆದಿಡುತ್ತದಂತೆ ಯಂತ್ರ.
ಅಳಿಸಿದರೆ, ಅಳಿಸಿದ್ದನ್ನೂ.

ಮೊನ್ನೆ ಕೆರಿಯಪ್ಪ ಹೆಗಲ ಹಿಂದೆ ನಿಂತು ತೆರೆ ನೋಡಿದ.
"ಈ ಕಡವೆ ನಾನೂ ಕಂಡೀನಿ" ಅಂದ.
"ಎಡಗಾಲು ಚಪ್ಪಲಿ ಹಿಮ್ಮಡಿ ಸವೆದೈತೆ."
ಎಲೆಗೆ ಸುಣ್ಣ ಹಚ್ಚಿದ. ಮಡಿಸಿದ.
"ಕೆಸರಲ್ಲಿ ಚಂದಾಗಿ ಮೂಡಿತ್ತು. ಸೊಪ್ಪು ಎಳೆದು ಬಂದೆ."

ಕಾರ್ಡು ತೆಗೆದು ಕೊಟ್ಟೆ.
ಅದರ ಮೇಲೆ ನನ್ನ ಹೆಬ್ಬೆಟ್ಟು, ಸುಣ್ಣದಲ್ಲಿ, ಬೆಳ್ಳಗೆ.
ಖಾಕಿ ತೋಳಿಗೆ ಒರೆಸಿದ.
ಪೂರ್ತಿ ಹೋಗಲಿಲ್ಲ.